ಜೋಡಿ ಬಾಲದ ಗಾಡಿ

ಕೆಟ್ಟು ನಿಂತ ಯಂತ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೋರ್‌ವೆಲ್ಲಿನ ಸ್ಟಾರ್ಟರ್ ಇರಲಿ, ಔಷಧಿ ಹೊಡೆಯುವ ಪಂಪ್ ಇರಲಿ, ಪಕ್ಕದ ಮನೆಯ ಮಿಕ್ಸಿ ಇರಲಿ, ಒಂದು ಸಲ ಬಿಚ್ಚಿ ನೋಡದಿದ್ದರೆ ಉಂಡದ್ದು ಅರಗುವುದಿಲ್ಲ. ಈ ಹೆಗ್ಗಳಿಕೆಯನ್ನು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳುವ ತನಕ ಕಾಯುವ ವ್ಯವಧಾನ ನನಗಿಲ್ಲ. ತಳಕು ಊರಿನ ಅಂಗಡಿಯಲ್ಲಿ ಸ್ಪ್ಯಾನರ್ ಸೆಟ್ ಕೊಳ್ಳಲು ಹೋದಾಗ ಅಂಗಡಿಯವನು ಯಜಮಾನರಿಗಾ ಎಂದು ಕೇಳಿದ. ಯಜಮಾನರಿಗೆ ಸೌಟು ಕೊಂಡಿದ್ದೇನೆ, ಇದು ನನಗೆ ಎಂದೆ. ಅವತ್ತಿನಿಂದ ಆತ ನನ್ನನ್ನು ಕಂಡರೆ ಎದ್ದು ನಿಂತು ಮಾತಾಡುತ್ತಾನೆ.

ನನ್ನನ್ನು ಕೊಟ್ಟದ್ದು ಊರೊಳಗೇ, ಸೋದರತ್ತೆಯ ಮಗನಿಗೆ. ತವರು ಮನೆ ಒಂದು ಕೂಗಳತೆಯಲ್ಲಿದೆ. ಹಾಗಾಗಿ ಅಲ್ಲಿ ಏನು ಬೇಯುತ್ತಿದೆ, ಏನು ಸೀಯುತ್ತಿದೆ ಎಲ್ಲವೂ ನನ್ನ ಮೂಗಿಗೆ ಬೀಳುತ್ತದೆ. ಯುಗಾದಿ ಕಳೆದ ಹೊಸತರಲ್ಲಿ ಅಪ್ಪನ ಪಿಕಪ್ ಗಾಡಿಯನ್ನು ನನ್ನ ತಮ್ಮ ಗುಜರಿಗೆ ಕೊಡಲು ಮಾತಾಡಿದ್ದಾನೆಂಬ ಸುದ್ದಿಯೂ ಹಾಗೇ ಬಿತ್ತು. ಹಿಟ್ಟಿನ ಕೈ ತೊಳೆಯದೆ ಹೊರಟೆ.

ಅಪ್ಪ ತೀರಿಕೊಂಡ ಮೇಲೆ ಆ ಗಾಡಿ ಮನೆಯ ಹಿಂದಿನ ಹುಣಸೆ ಮರದ ಕೆಳಗೆ ನಿಂತುಬಿಟ್ಟಿತ್ತು. ಟೈರುಗಳು ನೆಲ ಕಚ್ಚಿದ್ದವು. ಬಾನೆಟ್ ಮೇಲೆ ಎಲೆ ಕೊಳೆತು ಗೊಬ್ಬರವಾಗಿತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಸಂಸಾರ ಹೂಡಿತ್ತು. ತಮ್ಮ ಕೆಟ್ಟವನೇನಲ್ಲ. ಅವನು ಹೊಸ ಗಾಡಿ ತಂದಿದ್ದ, ಅದಕ್ಕೊಂದು ನೆರಳು ಬೇಕಿತ್ತು, ನೆರಳನ್ನು ಹಳೆಯದು ಹಿಡಿದುಕೊಂಡಿತ್ತು. ಅವನ ಲೆಕ್ಕ ಅಷ್ಟೇ. ನನ್ನ ಲೆಕ್ಕ ಬೇರೆ. ಚಳ್ಳಕೆರೆ ಮಾರುಕಟ್ಟೆಗೆ ಶೇಂಗಾ, ಸಂತೆಗೆ ಕುರಿ, ಮದುವೆಗೆ ಜನ, ಎಲ್ಲವನ್ನೂ ಹೊತ್ತ ಗಾಡಿ ಅದು. ನಾನು ಸ್ಟೇರಿಂಗ್ ಹಿಡಿಯಲು ಕಲಿತದ್ದು ಅದರಲ್ಲೇ, ದೊಡ್ಡಉಳ್ಳಾರ್ತಿ ಕಾವಲಿನಲ್ಲಿ. ಗುದ್ದಲು ಒಂದು ಮರವೂ ಇಲ್ಲದ ಬಯಲು, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಉಂಟೇ? ಅಪ್ಪ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಅವನ ಚಪ್ಪಲಿ, ಕಂಬಳಿ, ಪಂಚೆ ಎಲ್ಲವನ್ನೂ ಯಾರು ಯಾರಿಗೋ ಕೊಟ್ಟಾಗಿತ್ತು. ಅವನ ಕೈ ಸವೆಸಿದ್ದು ಅಂತ ಉಳಿದಿದ್ದು ಆ ಸ್ಟೇರಿಂಗ್ ಒಂದೇ. ಅದನ್ನು ತೂಕಕ್ಕೆ ಹಾಕಲು ನಾನು ಬಿಡುವವಳಲ್ಲ.

ಮಾನೌಮಿ ಹಬ್ಬದ ತನಕ ಟೈಮ್ ಕೊಡು, ನಾನು ಇದನ್ನು ರಿಪೇರಿ ಮಾಡಿ ಓಡಿಸುತ್ತೇನೆ ಎಂದೆ. ತಮ್ಮ ನಕ್ಕ. ನಕ್ಕು, ಗಾಡಿ ಇರುವುದು ಅವ್ವನ ಹೆಸರಲ್ಲಿ, ಫಿಟ್ನೆಸ್ ಸರ್ಟಿಫಿಕೇಟ್ ಮುಗಿದು ಬಹಳ ಕಾಲವಾಯಿತು, ಮತ್ತೆ ಮಾಡಿಸಬೇಕೆಂದರೂ ಗುಜರಿಗೆ ಹಾಕಬೇಕೆಂದರೂ ಅವ್ವನ ಸಹಿ ಬೇಕು, ಅವಳನ್ನೇ ಕೇಳು ಎಂದ. ಅದು ನಿಜ. ಗಾಡಿ ಕೊಳ್ಳುವಾಗ ಮುಂಗಡಕ್ಕೆ ಅವ್ವನ ಎತ್ತಿನ ಜೋಡಿ ಮಾರಿದ್ದರು. ಕರುಗಳಾಗಿದ್ದಾಗಲೇ ಸಿದ್ದಾಪುರದ ತವರಿನಿಂದ ಅವಳು ಹೊಡೆದುಕೊಂಡು ಬಂದು ಸಾಕಿದ ಎತ್ತುಗಳು. ಎತ್ತು ಅವಳದು, ಆದ್ದರಿಂದ ಗಾಡಿಯೂ ಅವಳ ಹೆಸರಿಗೇ ಇರಲಿ ಎಂದು ಅಪ್ಪ ಬರೆಸಿದ್ದ. ಆಗ ನಾನು ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ಎತ್ತಿನ ಜಾಗದಲ್ಲಿ ನೀಲಿ ಗಾಡಿ ನಿಂತಿತ್ತು, ನಾನು ಕುಣಿದಾಡಿದ್ದೆ.

ಅವ್ವ ಪಡಸಾಲೆಯಲ್ಲಿ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಮಾಡು. ಮುಗಿದ್ ಮ್ಯಾಲೆ ನೋಡ್ತೀನಿ. ಮನಸಿಗೆ ಬಂದ್ರೆ ಸಹಿ ಹಾಕ್ತೀನಿ, ಇಲ್ಲಾಂದ್ರೆ ಗುಜರಿಗೆ ಹೋಗ್ಲಿ” ಎಂದಳು.

ಸಹಿ ನನ್ನ ಜೇಬಿಗೆ ಬಿತ್ತು ಅಂತಲೇ ನಾನು ತಿಳಿದೆ. ಅವ್ವನ ಮನಸ್ಸಿಗೆ ಬಾರದಂಥ ಕೆಲಸ ನಾನು ಯಾವತ್ತು ಮಾಡಿದ್ದೇನೆ?

ಗಾಡಿಯನ್ನು ಟ್ರಾಕ್ಟರಿಗೆ ಕಟ್ಟಿ ನಮ್ಮ ಮನೆಗೆ ಎಳೆದು ತಂದೆವು. ಶೇಂಗಾ ಮೂಟೆ ಒಟ್ಟುವ ತಗಡಿನ ಶೆಡ್ಡೇ ನನ್ನ ಗ್ಯಾರೇಜಾಯಿತು. ಮೂಟೆಗಳು ಪಡಸಾಲೆಗೆ ಬಂದವು, ಯಜಮಾನರು ಮೂಟೆಗಳ ಸಂದಿಯಲ್ಲಿ ಮಲಗುವುದನ್ನು ಕಲಿತರು. ಚಳ್ಳಕೆರೆಯಲ್ಲಿ ಗ್ಯಾರೇಜು ನಡೆಸಿ ಮಗನಿಗೆ ಒಪ್ಪಿಸಿ ಸುಮ್ಮನೆ ಕೂತಿದ್ದ ಮುದುಕ ಮೇಸ್ತ್ರಿ ಒಬ್ಬರಿದ್ದರು, ಅಪ್ಪನ ಗೆಳೆಯರು. ಸುಮ್ಮನೆ ಕೂರುವುದು ಅವರಿಗೂ ಆಗಿಬರುವುದಿಲ್ಲ. ಬಸ್ಸಿನಲ್ಲಿ ಬಂದಿಳಿದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಅಲ್ಲಲ್ಲಿ ಬೆರಳಿನಿಂದ ತಟ್ಟಿ, “ಇಂಜಿನ್ ಗಟ್ಟಿ ಐತೆ ತಾಯಿ. ಬಾಡಿ ಖಲಾಸ್” ಎಂದರು. ತಟ್ಟಿದ ಕಡೆಯೆಲ್ಲ ತುಕ್ಕಿನ ಹಪ್ಪಳ ಉದುರಿತು.

ಇಂಜಿನ್ ಎತ್ತಲು ಕ್ರೇನ್ ಎಲ್ಲಿಂದ ತರುವುದು? ಬೋರ್‌ವೆಲ್ಲಿನಿಂದ ಮೋಟರ್ ಎತ್ತುವ ಮೂರು ಕಾಲಿನ ಕಂಬ, ಚೈನ್ ಪುಲ್ಲಿ ನಮ್ಮ ಊರಿನಲ್ಲಿ ಮನೆಮನೆಗೂ ಬೇಕಾದದ್ದು. ಆರುನೂರು ಅಡಿಯಿಂದ ಮೋಟರ್ ಎಳೆಯುವವರಿಗೆ ಮೂರಡಿ ಮೇಲಕ್ಕೆ ಒಂದು ಇಂಜಿನ್ ಎತ್ತುವುದು ಯಾವ ಮಹಾ ಕೆಲಸ! ಪಿಸ್ಟನ್ ಕಚ್ಚಿಕೊಂಡಿತ್ತು. ಡೀಸೆಲ್ಲು ಮತ್ತು ಆಯಿಲ್ ಬೆರೆಸಿ ಒಳಗೆ ಬಿಟ್ಟು ಕಾಯಿರಿ ಎಂದು ಮೇಸ್ತ್ರಿ ಹೇಳಿ ಹೋದರು. ಕಾಯುವುದು ನನ್ನ ಜಾಯಮಾನವಲ್ಲ, ದಿನಾ ಬೆಳಿಗ್ಗೆ ಹಾಲು ಕರೆದು ಬಂದವಳೇ ಸಬ್ಬಲ್ ಹಾಕಿ ಅಲ್ಲಾಡಿಸಿ ನೋಡುತ್ತಿದ್ದೆ. ಒಂದು ದಿನ ಕೂದಲೆಳೆಯಷ್ಟು ಅಲ್ಲಾಡಿತು. ಆವತ್ತು ಮನೆಯಲ್ಲಿ ಹೋಳಿಗೆ ಮಾಡಿದೆ. ಯಾವ ಹಬ್ಬ ಎಂದು ಯಜಮಾನರು ಕೇಳಿದರು. ಪಿಸ್ಟನ್ ಹಬ್ಬ ಎಂದೆ.

ಡೀಸೆಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಕೈ ಹೋಗದ ಜಾಗ. ಅದಕ್ಕೊಂದು ಉಪಾಯ ಮಾಡಿದೆ. ಟ್ಯಾಂಕಿನೊಳಕ್ಕೆ ಎರಡು ಬೊಗಸೆ ಜಲ್ಲಿಕಲ್ಲು ಸುರಿದು, ಬಾಯಿ ಮುಚ್ಚಿ, ಟ್ರಾಕ್ಟರಿನ ಹಿಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಟ್ಯಾಂಕನ್ನು ಚಕ್ರಕ್ಕೆ ಬಿಗಿದು ನಿಧಾನಕ್ಕೆ ತಿರುಗಲು ಬಿಟ್ಟೆ. ಗಡಗಡ ಸದ್ದಿಗೆ ಓಣಿಯ ಹೆಂಗಸರೆಲ್ಲ ಬಂದು ನಿಂತರು. ಟ್ಯಾಂಕಿನಲ್ಲಿ ಏನು ರುಬ್ಬುತ್ತಿದ್ದೀಯ ಎಂದರು. ಸಂಜೆಗೆ ತೆಗೆದು ನೋಡಿದರೆ ಒಳಗೆ ಬೆಳ್ಳಿಯ ಲೋಟದಂತೆ ಹೊಳೆಯುತ್ತಿತ್ತು. ಮೇಸ್ತ್ರಿ ಅದನ್ನು ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಹೇಳಿಕೊಡಲಿಲ್ಲ ಎಂದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಹಿಂದಿನ ತೊಟ್ಟಿಯ ನೆಲ ಮಾತ್ರ ಸಾಕುಸಾಕು ಮಾಡಿತು. ವರ್ಷಾನುಗಟ್ಟಲೆ ಕುರಿ ಹೊತ್ತ ಗಾಡಿ. ಕುರಿಯ ಗಂಜಳ ಕಬ್ಬಿಣವನ್ನು ತಿಂದಷ್ಟು ಮಳೆಯೂ ತಿನ್ನುವುದಿಲ್ಲ. ನಮ್ಮ ಕಡೆ ಮಳೆಗೆ ಅಂಥ ಹಸಿವೂ ಇಲ್ಲ ಬಿಡಿ. ಹಳೆ ತಗಡನ್ನೆಲ್ಲ ಕಿತ್ತು, ಹೊಸ ತಗಡು ತಂದು, ತಲೆಗೆ ಟವೆಲ್ ಬಿಗಿದು ನಾನೇ ವೆಲ್ಡಿಂಗ್ ಮಾಡಿದೆ. ಮೊದಲ ಬೆಸುಗೆಗಳು ಹಕ್ಕಿಹಿಕ್ಕೆಯ ಹಾಗೆ ಬಂದವು. ಕೊನೆಯವು ಮೇಸ್ತ್ರಿ ಕೂಡ ಸುಮ್ಮನಿರುವಷ್ಟು ಚೆನ್ನಾಗಿ ಬಂದವು.

ಇಂಜಿನ್ ಮರಳಿ ಕೂರಿಸಿ ಮೊದಲ ಸಲ ಸೆಲ್ಫ್ ಹೊಡೆದಾಗ ಶೆಡ್ಡಿನ ತುಂಬ ಕಪ್ಪು ಹೊಗೆ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಅಪ್ಪ ಸಂತೆಗೆ ಹೊರಡುವ ಬೆಳಗಿನ ಸದ್ದು ಅದೇ. ನನ್ನ ಕಣ್ಣು ತುಂಬಿ ಬಂತು, ಹೊಗೆಗೆ ಎಂದು ಮೇಸ್ತ್ರಿಗೆ ಹೇಳಿದೆ. ಅವರೂ ಹೊಗೆಗೇ ಕಣ್ಣೊರೆಸಿಕೊಂಡರು. ಹಲ್ಲುಜ್ಜುತ್ತಿದ್ದ ತಮ್ಮ ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿಬಂದ. ಬಂದವನು ಬಾನೆಟ್ ಮೇಲೆ ಕೈ ಇಟ್ಟು ನಿಂತುಬಿಟ್ಟ, ಗುಜರಿಯ ಮಾತು ಅವತ್ತಿಗೆ ಅವನಿಂದ ಮುಗಿಯಿತು. ಇನ್ನು ಉಳಿದದ್ದು ಅವ್ವ ಒಬ್ಬಳೇ. ಅವಳು ಬರಲಿಲ್ಲ. ಸದ್ದು ಕೇಳಿಸಿತೇ ಎಂದು ಹೋಗಿ ಕೇಳಿದರೆ, ಕೇಳಿಸಿತು ಎಂದು ಹೇಳಿ ಒಲೆಯ ಮೇಲಿನ ಹಾಲು ನೋಡಿದಳು.

ಇನ್ನು ಆ ಹಿಂದಿನ ಬಾಗಿಲಿನ ಕಥೆ. ತೊಟ್ಟಿಯ ಹಿಂಬದಿಗೆ ಮಡಚುವ ಬಾಗಿಲಿರುತ್ತದಲ್ಲ, ಅದರ ಮೇಲೆ ಅಪ್ಪ ಗಾಡಿ ತಂದ ಹೊಸತರಲ್ಲೇ ಜೋಡೆತ್ತಿನ ಚಿತ್ರ ಬರೆಸಿದ್ದ. ಎತ್ತುಗಳೇನೋ ಎರಡು. ಆದರೆ ಮುಖವೇ ಇಲ್ಲ. ಎರಡು ಬೆನ್ನು, ಎರಡು ಬಾಲ, ನಾಲ್ಕು ಹಿಂಗಾಲು. ನಮ್ಮ ಹಿಂದೆ ಬರುವ ಬಸ್ಸಿನವರಿಗೆ ಕಾಣುವುದು ಅಷ್ಟೇ. ಪೇಂಟರಿಗೆ ಮುಖ ಬರೆಯಲು ಬರುತ್ತಿರಲಿಲ್ಲ, ಅಪ್ಪ ಮೋಸ ಹೋದ ಎಂದು ಊರೆಲ್ಲ ನಗುತ್ತಿತ್ತು. ಸುತ್ತ ಹತ್ತು ಹಳ್ಳಿಗೆ ಅದು ಜೋಡಿ ಬಾಲದ ಗಾಡಿ. ಸಂತೆಯಲ್ಲಿ ಯಾರಾದರೂ, ಎತ್ತಿನ ಮುಖ ಮನೆಯಲ್ಲಿ ಬಿಟ್ಟು ಬಂದಿರಾ ಎಂದು ಕೆಣಕಿದರೆ ಅಪ್ಪ ತಾನೂ ನಗುತ್ತಿದ್ದ. ಶಾಲೆಯಲ್ಲಿ ಹುಡುಗರು ಕೂಗಿದಾಗ ನನಗೆ ನಾಚಿಕೆಯಾಗುತ್ತಿತ್ತು.

ಈಗ ನನ್ನ ಕೈಗೆ ಅಧಿಕಾರ ಬಂದಿತ್ತು. ಅಪ್ಪನ ಮರ್ಯಾದೆಗೆ ಇಷ್ಟು ವರ್ಷ ಅಂಟಿದ್ದ ಆ ಬಾಲಗಳನ್ನು ತೆಗೆದು, ನೋಡಿದವರು ಕೈಮುಗಿಯುವಂಥ ಎತ್ತು ಬರೆಸಬೇಕೆಂದು ತೀರ್ಮಾನಿಸಿದೆ. ಈಗೆಲ್ಲ ಸ್ಟಿಕ್ಕರ್ ಅಂಟಿಸುವವರೇ. ಕೈಯಲ್ಲಿ ಬರೆಯುವವರನ್ನು ಹುಡುಕುತ್ತ ಮೊಳಕಾಲ್ಮುರು ತನಕ ಹೋದೆ. ಅಲ್ಲಿ ರೇಷ್ಮೆ ಸೀರೆಯ ಅಂಚಿಗೆ ನವಿಲು, ಹಂಸ ಬರೆದುಕೊಡುತ್ತಿದ್ದು, ಈಗ ಅಂಗಡಿ ಬೋರ್ಡು ಬರೆಯುವ ಒಬ್ಬರು ಸಿಕ್ಕರು. ಮನೆಗೆ ಬಂದು ಹಳೆ ಚಿತ್ರ ನೋಡಿದವರೇ “ಎದ್ದುಲ ಮೊಖಂ ಏದಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು, ಎತ್ತಿನ ಮುಖ ಎಲ್ಲಿ ಎಂದು. ನೀವೇ ಬರೆಯಬೇಕು, ಅದಕ್ಕೇ ಕರೆಸಿದ್ದು ಎಂದೆ. ಹಳೆಯದನ್ನು ನಾನೇ ಉಜ್ಜಿ ತೆಗೆದೆ. ಬರಿಯ ತಗಡು ಕಂಡಾಗ ಹಗುರಾದ ಹಾಗೆ ಅನಿಸಿತು.

ಏನು ಎತ್ತುಗಳು ಅಂತೀರಿ! ಹಾಲುಬಿಳುಪು ಮೈ, ದುಂಡು ಕಣ್ಣು, ಕೊಂಬಿನ ತುದಿಗೆ ಹಿತ್ತಾಳೆಯ ಕಳಸ, ಹಣೆಗೆ ಕೆಂಪು ಗೊಂಡೆ, ಕೊರಳಿಗೆ ಗೆಜ್ಜೆ. ಮದುವೆ ಸೀರೆಯ ಸೆರಗಿನಿಂದ ಇಳಿದು ಬಂದ ಹಾಗಿದ್ದವು. ಮಾನೌಮಿಗೆ ಇನ್ನೂ ವಾರವಿರುವಾಗಲೇ ಗಾಡಿ ಸಿದ್ಧವಾಯಿತು. ನೀಲಿ ಬಣ್ಣ, ಹೊಸ ಸೀಟು, ಮುಂದೆ ಚೆಂಡು ಹೂವಿನ ಹಾರ. ನಾನೇ ಓಡಿಸಿಕೊಂಡು ಹೋಗಿ ತವರು ಮನೆಯ ಮುಂದೆ ನಿಲ್ಲಿಸಿ ಹಾರನ್ ಹೊಡೆದೆ. ಫಿಟ್ನೆಸ್‌ನ ಅರ್ಜಿ ಸೀಟಿನ ಮೇಲೆ ಪೆನ್ನಿನ ಸಮೇತ ಇತ್ತು.

ಅವ್ವ ಬಂದಳು. ದೀಪ ನೋಡಿದಳು, ಸೀಟು ಒತ್ತಿ ನೋಡಿದಳು, ನಾನು ಬೆಸೆದ ತಗಡಿನ ಮೇಲೆ ಅಂಗೈ ಆಡಿಸಿದಳು. ಚೆನ್ನಾಗಿ ಮಾಡಿದೀಯ ಎಂದಳು. ಹಾಗೇ ಹಿಂದಕ್ಕೆ ಹೋದಳು. ಹೋದವಳು ನಿಂತಳು. ನಾನು ಹೊಗಳಿಕೆಗೆ ಕಿವಿ ನಿಮಿರಿಸಿಕೊಂಡು ಕಾದೆ.

“ಇವು ನನ್ನ ಎತ್ತಲ್ಲ” ಎಂದಳು ಅವ್ವ. “ನಾನು ಸಹಿ ಹಾಕಲ್ಲ.”

ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ತಮ್ಮ ನನ್ನ ಮುಖ ನೋಡಿದ, ನಾನು ಗಾಡಿಯ ಮುಖ ನೋಡಿದೆ. ಬೇಜಾರಿಗಿಂತ ಮೊದಲು ಸಿಟ್ಟು ಬಂತು. ಬಿಸಿಲಲ್ಲಿ ಬೆಂದು, ಬೆರಳು ಸುಟ್ಟುಕೊಂಡು ಎಬ್ಬಿಸಿ ನಿಲ್ಲಿಸಿದ ಗಾಡಿಯನ್ನು ಒಂದು ಚಿತ್ರದ ಸಲುವಾಗಿ ಗುಜರಿಗೆ ಹಾಕುವುದೇ? ಮುದುಕಿಗೆ ಅರುಳುಮರುಳು ಎಂದು ಗೊಣಗಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ಆದರೆ ಅವಳ ಧ್ವನಿ ಜೊತೆಗೇ ಬಂತು. ಅವ್ವ ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೈದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಅವಳ ಎದುರು ಕೂತೆ. ಮತ್ತೆ ಶೇಂಗಾ ಸುಲಿಯುತ್ತಿದ್ದಳು, ನಾನೂ ಒಂದು ಹಿಡಿ ತೆಗೆದುಕೊಂಡೆ. ಏನಾಯಿತು ಹೇಳು, ಕೇಳದೆ ಏಳುವುದಿಲ್ಲ ಎಂದೆ. ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು. ಆಮೇಲೆ ಎತ್ತು ಮಾರಿದ ದಿನದ ಮಾತು ತೆಗೆದಳು. ನಮ್ಮಲ್ಲಿ ಎತ್ತು ಮಾರಿದರೂ ಹಗ್ಗ ಮಾರುವುದಿಲ್ಲ. ಹಗ್ಗ ಹೋದರೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು, ಕೊಂಡವನೇ ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ಹಳೆಯದು ಮಾರಿದವರ ಕೈಯಲ್ಲಿ ಉಳಿಯಬೇಕು.

“ನಮ್ಮ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ರು” ಎಂದಳು ಅವ್ವ. “ಬರೀ ಹಗ್ಗ ಹಿಡ್ಕಂಡು ಇಲ್ಲೇ ನಿಂತಿದ್ದೆ. ಬಲಗೋಲಿಂದು ಸುಮ್ಕೆ ಹೋತು. ಎಡಗೋಲಿಂದು ಓಣಿ ಮೂಲೆ ದಾಟೋ ತಂಕ ನನ್ನ ಕಡೀಗೆ ಕತ್ತು ತಿರುಗಿಸ್ತಾನೇ ಇತ್ತು. ಕೊಂಡ್ಕಂಡವನು ಜಗ್ತಾನೇ ಇದ್ದ. ನಾನು ಒಳಕ್ಕೆ ಬಂದ್ಬಿಟ್ಟೆ.”

ಆಮೇಲೆ ಅಪ್ಪ ಅವಳ ಸಮಾಧಾನಕ್ಕೆಂದು ಗಾಡಿಯ ಮೇಲೆ ಆ ಎತ್ತುಗಳನ್ನು ಬರೆಸಲು ಪೇಂಟರನ್ನು ಕರೆತಂದನಂತೆ. ಪೇಂಟರ್ ಸೀಮೆಸುಣ್ಣದಲ್ಲಿ ಮುಖ ಗೀಚಿದ. ಮುಖ ಬರೆಯಲು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ನೋಡಿದರೆ ಎಡಗೋಲಿನ ಎತ್ತು, ನೊಗದ ಎಡಕ್ಕೆ ಹೂಡುತ್ತಿದ್ದದ್ದು, ಅವಳನ್ನೇ ನೋಡುತ್ತಿದೆ. ಅವ್ವ ಸೆರಗಿನಿಂದ ಒರೆಸಿಬಿಟ್ಟಳು.

“ಮುಖ ಬ್ಯಾಡ, ಹೋಗ್ತಿರೋ ಹಂಗೆ ಬರೀರಿ ಅಂದೆ. ಮುಂದೆ ಹೋಗ್ತಾ ಅವೆ ಅಂದ್ಕಂಡು ಬದುಕ್ತೀನಿ. ಮುಖ ನೋಡ್ಕಂಡು ಬದುಕಕ್ಕಾಗಲ್ಲ ಅಂದೆ.”

ಅಪ್ಪ ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಬೇಡ ಅಂದಿದ್ದೆ, ಹೇಳಲಿಲ್ಲ ಎಂದಳು.

ನಾನು ಕೈಯಲ್ಲಿದ್ದ ಶೇಂಗಾ ಹಾಗೇ ಹಿಡಿದು ಕೂತೆ. ಊರು ನಕ್ಕಾಗ ಅಪ್ಪನೂ ನಗುತ್ತಿದ್ದನಲ್ಲ, ಸಂತೆಯಲ್ಲಿ, ಬೀಗರ ಮನೆಯಲ್ಲಿ, ನಮ್ಮ ಮುಂದೆ. ಮೋಸ ಹೋದವನೆಂದು ಹೆಸರು ಹೊತ್ತು ಸತ್ತ, ಹೆಂಡತಿಯ ಒಂದು ಮಾತಿಗೆ. ಅಪ್ಪನ ಮೇಲೆ ನನಗೆ ಪ್ರೀತಿ ಮೊದಲೂ ಇತ್ತು. ಅವತ್ತು ಹೆಮ್ಮೆ ಬಂತು, ಎದೆ ಬಿರಿಯುವಷ್ಟು. ಅವನ ಮರ್ಯಾದೆ ಉಳಿಸಲು ಹೊರಟ ನಾನು ಅವನ ಮರ್ಯಾದೆಯನ್ನೇ ಉಜ್ಜಿ ತೆಗೆದಿದ್ದೆ. ಅಳುತ್ತ ಕೂರುವ ಪೈಕಿ ನಾನಲ್ಲ. ಕೆಟ್ಟದ್ದನ್ನು ಬಿಚ್ಚಿ ಮತ್ತೆ ಜೋಡಿಸಬಹುದೆಂದು ನಂಬಿ ಬದುಕಿದವಳು. ಎದ್ದು ಹೋಗಿ ಮೊಳಕಾಲ್ಮುರಿಗೆ ಫೋನ್ ಮಾಡಿದೆ.

ಪೇಂಟರ್ ಬಂದು ತಾವೇ ಬರೆದ ಎತ್ತುಗಳನ್ನು ತಾವೇ ಉಜ್ಜಿ ತೆಗೆಯಬೇಕಾದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಆದರೂ ಕಥೆ ಕೇಳಿದ ಮೇಲೆ ಕೆಲಸಕ್ಕೆ ಕೂತರು. ಅವ್ವ ಮಣೆ ತರಿಸಿಕೊಂಡು ಗಾಡಿಯ ಹಿಂದೆ ಕೂತಳು. ಬೆಳ್ಳಗೆ ಬೇಡ, ಬೂದು ಮೈ ಎಂದಳು. ಎಡಗೋಲಿನದಕ್ಕೆ ಸೊಂಟ ಸ್ವಲ್ಪ ತಗ್ಗು ಎಂದಳು. ಬಲಗೋಲಿನದರ ತೊಡೆಯ ಮೇಲೆ ಬರೆ ಹಾಕಿದ ಗುರುತು, ಬಾಲದ ತುದಿಯಲ್ಲಿ ಕೂದಲು ಕಡಿಮೆ. ಒಂದೊಂದೇ ಹೇಳುತ್ತಿದ್ದರೆ ಅವಳು ನೆನಪಿನಿಂದ ಹೇಳುತ್ತಿದ್ದಾಳೆ ಅನಿಸಲಿಲ್ಲ, ಎದುರಿಗೆ ಕಂಡು ಹೇಳುತ್ತಿದ್ದಾಳೆ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಎರಡು ಬೆನ್ನುಗಳು ದಾರಿ ಹಿಡಿದು ಹೊರಟ ಹಾಗೆ ಎದ್ದು ಬಂದವು. ತಮ್ಮ ನೋಡಿ, ಮೊದಲಿದ್ದದ್ದೇ ಬಂತು ಎಂದ. ಪೇಂಟರ್ ಬ್ರಶ್ ತೊಳೆಯಲು ಎದ್ದರು.

“ತಡೀರಿ” ಎಂದಳು ಅವ್ವ. ಮಣೆಯಿಂದ ಎದ್ದು ಹತ್ತಿರ ಹೋಗಿ, ಎಡಗೋಲಿನ ಎತ್ತಿನ ಕತ್ತಿನ ಹತ್ತಿರ ಬೆರಳು ತಂದಳು. “ಇದರ ಕತ್ತು ಒಂಚೂರು ಈ ಕಡೆ ತಿರುಗಿಸಿ.”

ಕತ್ತು ತಿರುಗಿಸಿದರೆ ಕಣ್ಣೂ ಬರೆಯಬೇಕಾಗುತ್ತದಲ್ಲಮ್ಮಾ ಎಂದರು ಪೇಂಟರ್. ಅವ್ವ ನನ್ನ ಕಡೆ ನೋಡಲಿಲ್ಲ, ತಮ್ಮನ ಕಡೆಯೂ ನೋಡಲಿಲ್ಲ.

“ಬರೀರಿ. ನೋಡ್ಲಿ. ಈಗ ತಡ್ಕಂತೀನಿ” ಎಂದಳು.

ಅವರು ಬರೆದರು. ಆ ಕಣ್ಣಿನ ಬಣ್ಣ ಒಣಗುವ ತನಕ ಅವ್ವ ಗಾಡಿಯ ಹಿಂದೆ ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು, ಎಲ್ಲಿ ಸಹಿ ಹಾಕಬೇಕು ಎಂದು ನನ್ನನ್ನು ಕೇಳಿದಳು.